ಹೆಬ್ಬೆಟ್ಟಿಗೆ ಮುಂಚೆ ಒಂದು ಮಾತು

ಮಾರ್ಚ್ 8 ಬಂತೆಂದರೆ ನಮ್ಮ ತಾಲ್ಲೂಕಿನ ಸಭಾಭವನದಲ್ಲಿ ಸಾಧಕಿಯರಿಗೆ ಶಾಲು, ಹಾರ, ಫಲತಾಂಬೂಲ. ಭಾಷಣಗಳಲ್ಲಿ ಕಿತ್ತೂರು ಚೆನ್ನಮ್ಮ, ಕಲ್ಪನಾ ಚಾವ್ಲಾ, ಸಾಲುಮರದ ತಿಮ್ಮಕ್ಕ ತಪ್ಪದೆ ಬರುತ್ತಾರೆ. ಬರಲಿ, ಬರಬೇಕಾದವರೇ. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆಯುವ ನನ್ನಂಥವಳಿಗೆ ಸಾಧಕಿಯರು ಅಂದಾಗ ಮೊದಲು ನೆನಪಾಗುವ ಹೆಸರುಗಳೇ ಬೇರೆ. ತುಳಸಮ್ಮ, ಫೂಲವತಿ, ದಾನಮ್ಮ. ಇವರ ಫೋಟೊ ನಾನು ಎಲ್ಲೂ ನೋಡಿಲ್ಲ. ಇವರ ಹೆಸರಿನಲ್ಲಿ ರಸ್ತೆಯಿಲ್ಲ, ಶಾಲೆಯಿಲ್ಲ. ಪಾಲಿನ ದಾವಾ ನಡೆಸುವ ವಕೀಲರ ಬಾಯಲ್ಲಿ ಮಾತ್ರ ಮತ್ತೆ ಮತ್ತೆ ಕೇಳಿಸುತ್ತವೆ. ಮೂವರೂ ಆಸ್ತಿಗಾಗಿ ಕೋರ್ಟಿಗೆ ಹೋದವರು. ಊರವರ ಬಾಯಲ್ಲಿ ಇಂಥವರು ಮನೆ ಒಡೆದವರು.

ನಾನಿರುವುದು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಅಪ್ಪನೂ ಪತ್ರಬರಹಗಾರರೇ. ಅವರ ಕಾಲದಲ್ಲಿ ಛಾಪಾ ಕಾಗದ, ಮಸಿ ಪೆನ್ನು, ಮರದ ಪೆಟ್ಟಿಗೆ. ಈಗ ನನ್ನದು ಕಂಪ್ಯೂಟರು, ಸರ್ಕಾರದ ಕಾವೇರಿ ತಂತ್ರಾಂಶ, ಓಟಿಪಿ ಬರಲಿಲ್ಲ ಅಂತ ಗೊಣಗುವ ಜನ. ಒಕ್ಕಣೆ ಮಾತ್ರ ಅಪ್ಪನ ಕಾಲದ್ದೇ ಉಳಿದಿದೆ: ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ, ಸ್ವಸಂತೋಷದಿಂದ ಬರೆಸಿಕೊಟ್ಟ ಪತ್ರ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ದಾನಪತ್ರ ಎಲ್ಲ ಬರೆಯುತ್ತೇನೆ. ಇವುಗಳ ನಡುವೆ ಹೆಂಗಸರು ಬಂದು ರುಜು ಹಾಕುವ ಪತ್ರ ಒಂದಿದೆ, ಹಕ್ಕು ಬಿಡುಗಡೆ ಪತ್ರ. ಅದರಲ್ಲಿ ಅಕ್ಕತಂಗಿಯರು ಬರೆದುಕೊಡುವವರು, ಅಣ್ಣತಮ್ಮಂದಿರು ಬರೆಸಿಕೊಳ್ಳುವವರು. ತಿರುಗುಮುರುಗಾದದ್ದನ್ನು ನೋಡುವುದು ಬಲು ಅಪರೂಪ.

ಈ ಪತ್ರದ ಕಥೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಬ್ರಿಟಿಷರಿಗಿಂತ ಮುಂದಿತ್ತು. 1933ರಲ್ಲೇ ಇಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂತು. ಮನೆ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಭಾಗ ಕೊಡಬೇಕೆಂದು ಅದು ಹೇಳಿತು. ಸಮಪಾಲಲ್ಲ, ಹೆಣ್ಣುಮಗಳಿಗೆ ಸೋದರನ ಪಾಲಿನ ಕಾಲುಭಾಗ. ಆದರೂ ಆ ಕಾಲಕ್ಕೆ ದೊಡ್ಡ ಮಾತೇ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಗಂಡನ ಆಸ್ತಿಯ ಹಕ್ಕು ಬಂದದ್ದು 1937ರಲ್ಲಿ. ಅದೂ ಬದುಕಿರುವ ತನಕ ಅನುಭವಿಸುವ ಹಕ್ಕು ಅಷ್ಟೆ, ಮಾರುವಂತಿಲ್ಲ, ಇಷ್ಟಬಂದವರಿಗೆ ಬರೆದುಕೊಡುವಂತಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಅಂಬೇಡ್ಕರ್ ಹಿಂದೂ ಕೋಡ್ ಬಿಲ್ ತಂದು ಮಗಳಿಗೂ ಪಾಲು ಕೊಡಲು ಹೊರಟರು. ಸಂಸತ್ತಿನಲ್ಲಿ ಗದ್ದಲವೋ ಗದ್ದಲ. ಬಿಲ್ಲು ಮುಂದೆ ಸಾಗದೆ 1951ರಲ್ಲಿ ಅವರು ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. 1956ರಲ್ಲಿ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆ ಅದರ ಒಂದು ತುಂಡು. ಅದರಿಂದ ಆದ ದೊಡ್ಡ ಉಪಕಾರ 14ನೇ ಕಲಮು. ಹೆಂಗಸಿನ ಕೈಗೆ ಹಕ್ಕಿನಿಂದ ಬಂದ ಆಸ್ತಿ ಪೂರ್ತಿ ಅವಳದೇ ಎಂದಿತು. ಅದು ಎಷ್ಟು ಪೂರ್ತಿ ಎಂಬುದನ್ನು ತೀರ್ಮಾನ ಮಾಡಿಸಿದವರು ಆಂಧ್ರದ ತುಳಸಮ್ಮ. 1931ರಲ್ಲಿ ವಿಧವೆಯಾದ ಹೆಂಗಸು, ಜೀವನಾಂಶಕ್ಕೆ ದಾವಾ ಹಾಕಿ ರಾಜಿಯಲ್ಲಿ ಸ್ವಲ್ಪ ಆಸ್ತಿ ಪಡೆದರು. ಅದರಲ್ಲಿ ಕೆಲವನ್ನು ಮಾರಿದಾಗ ಮೈದುನ ಕೋರ್ಟಿಗೆ ಹೋದ. ಜೀವನಾಂಶಕ್ಕೆ ಬಿಟ್ಟದ್ದು, ಮಾರಲು ಇವಳಾರು ಎಂಬುದು ಅವನ ವಾದ. 1977ರಲ್ಲಿ ಸುಪ್ರೀಂ ಕೋರ್ಟು ತುಳಸಮ್ಮನ ಪರ ನಿಂತಿತು. ನಮ್ಮಜ್ಜಿಗೂ ಜೀವನಾಂಶಕ್ಕೆಂದು ಬಿಟ್ಟ ಒಂದು ರಾಗಿ ಹೊಲ ಇತ್ತು. ಅದನ್ನು ಮಾರುವ ಹಕ್ಕು ತನಗಿದೆ ಎಂಬುದನ್ನು ಆಕೆಗೆ ಯಾರೂ ಹೇಳಲಿಲ್ಲ. ಪತ್ರ ಬರೆಯುವ ಮಗನೂ ಹೇಳಲಿಲ್ಲ.

1956ರ ಕಾಯಿದೆ ಎಡವಿದ್ದು ಪಿತ್ರಾರ್ಜಿತ ಆಸ್ತಿಯಲ್ಲಿ. ಅಲ್ಲಿ ಹುಟ್ಟಿನಿಂದ ಹಕ್ಕು ಗಂಡುಮಕ್ಕಳಿಗೆ ಮಾತ್ರ ಉಳಿಯಿತು. ಲೆಕ್ಕ ಹಾಕಿ ನೋಡಿ. 3 ಎಕರೆ ಪಿತ್ರಾರ್ಜಿತ ತೋಟ, ಅಂದರೆ 120 ಗುಂಟೆ. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ಎರಡು ಗಂಡು, ಎರಡು ಹೆಣ್ಣು ಬಿಟ್ಟು ತಂದೆ 1980ರಲ್ಲಿ ತೀರಿಕೊಂಡ ಅನ್ನಿ. ಮೊದಲು ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಪಾಲು, ತಲಾ 40 ಗುಂಟೆ. ಆಮೇಲೆ ತಂದೆಯ 40 ಗುಂಟೆ ಮಾತ್ರ ನಾಲ್ವರು ಮಕ್ಕಳಿಗೆ ಹಂಚಿಕೆ, ತಲಾ 10. ಕೊನೆಗೆ ಮಗನಿಗೆ 50 ಗುಂಟೆ, ಮಗಳಿಗೆ 10. ಇನ್ನು ಮನೆಯ ಮಾತು. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ವಾಸದ ಮನೆಯಲ್ಲಿ ಪಾಲು ಕೇಳುವ ಹಾಗೇ ಇರಲಿಲ್ಲ ಹೆಣ್ಣುಮಕ್ಕಳು. ಅದು 23ನೇ ಕಲಮು. ಮದುವೆಯಾಗದವಳೋ ಗಂಡ ಬಿಟ್ಟವಳೋ ವಿಧವೆಯೋ ಆದರೆ ಬಂದು ವಾಸ ಮಾಡಬಹುದಿತ್ತು. ಸುಖವಾಗಿರುವವಳಿಗೆ ಹುಟ್ಟಿದ ಮನೆಯಲ್ಲಿ ಮೂಲೆಯೂ ಇಲ್ಲ.

ಇದನ್ನು ಮೊದಲು ಮುರಿದದ್ದು ದಕ್ಷಿಣದ ರಾಜ್ಯಗಳು. ಕೇರಳ ಎಪ್ಪತ್ತರ ದಶಕದಲ್ಲಿ ಅವಿಭಕ್ತ ಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿತು. ಎನ್.ಟಿ. ರಾಮರಾವ್ ಕಾಲದ ಆಂಧ್ರ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. 1989ರಲ್ಲಿ ತಮಿಳುನಾಡು, 1994ರಲ್ಲಿ ಮಹಾರಾಷ್ಟ್ರ ಮತ್ತು ನಾವು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದರಲ್ಲೊಂದು ಕೊಕ್ಕೆ: ಆ ದಿನಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಇಲ್ಲ. ನಮ್ಮಕ್ಕನ ಮದುವೆ 1993ರಲ್ಲಿ, ನನ್ನದು 1996ರಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳು ಮನೆಯ ಹಕ್ಕುದಾರಳು, ಇನ್ನೊಬ್ಬಳು ಮನೆಗೆ ಬಂದುಹೋಗುವ ನೆಂಟಳು. ಅಕ್ಕ ಇದನ್ನು ಕೇಳಿ ನಕ್ಕಳು, ನನಗೆ ನಗು ಬರಲಿಲ್ಲ.

2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು. ಆ ಮದುವೆಯ ಕೊಕ್ಕೆಯೂ ಹೋಯಿತು, 23ನೇ ಕಲಮೂ ಹೋಯಿತು. ಮಗಳು ಹುಟ್ಟಿನಿಂದಲೇ ಮಗನ ಸಮಾನ ಹಕ್ಕುದಾರಳು, ಸಾಲದ ಹೊಣೆಯಲ್ಲೂ ಸಮಾನಳು. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಆಗಿಹೋದ ಪಾಲು, ಕ್ರಯಗಳನ್ನು ಮಾತ್ರ ಕೆದಕುವಂತಿಲ್ಲ. ಅದೇ 120 ಗುಂಟೆಯ ತೋಟದಲ್ಲಿ ಈಗ ನಾಲ್ಕು ಮಕ್ಕಳಿಗೂ ತಲಾ 30.

ಇಷ್ಟು ಸ್ಪಷ್ಟವಾಗಿ ಬರೆದ ಮೇಲೂ ಜಗಳ ಮುಗಿಯಲಿಲ್ಲ. 2005ಕ್ಕೆ ಮುಂಚೆಯೇ ತಂದೆ ಸತ್ತಿದ್ದರೆ? ಬೆಳಗಾವಿ ಕಡೆಯ ಫೂಲವತಿ 1992ರಲ್ಲೇ ಪಾಲಿನ ದಾವಾ ಹಾಕಿದ್ದವರು. ಅವರ ತಂದೆ 1988ರಲ್ಲಿ ತೀರಿಕೊಂಡಿದ್ದರು. ಹೊಸ ಕಾಯಿದೆ ಬಂದಾಗಲೂ ದಾವಾ ಮುಗಿದಿರಲಿಲ್ಲ, ಹಾಗಾಗಿ ಸಮಪಾಲು ಕೇಳಿದರು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆಗದು ಎಂದಿತು: ಕಾಯಿದೆ ಬಂದ ದಿನ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು. ಆ ತೀರ್ಪು ಬಂದ ಮೇಲೆ ನಮ್ಮ ಕಟ್ಟೆಯಲ್ಲಿ ಗಂಡಸರ ಮುಖ ನೋಡಬೇಕಿತ್ತು. ಅಪ್ಪನ ಮರಣ ಪ್ರಮಾಣಪತ್ರ ಹಿಡಿದು ತಾರೀಕು ತೋರಿಸುತ್ತಾ ಬಂದವರಿಗೆ ಲೆಕ್ಕವಿಲ್ಲ. ಅಪ್ಪ ಬೇಗ ಹೋದದ್ದು ಒಳ್ಳೆಯದಾಯಿತು ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ದಾನಮ್ಮನ ಮೊಕದ್ದಮೆಯೂ ನಮ್ಮ ರಾಜ್ಯದ್ದೇ. ತಂದೆ 2001ರಲ್ಲಿ ತೀರಿಕೊಂಡರು. ಮರುವರ್ಷ ದಾವಾ ಹಾಕಿದವನು ದಾನಮ್ಮನ ಸೋದರನ ಮಗ. ದಾನಮ್ಮ ಮತ್ತವರ ಸೋದರಿ 1956ರ ಕಾಯಿದೆಗೆ ಮುಂಚೆ ಹುಟ್ಟಿದವರು, ಅವರಿಗೆ ಪಾಲಿಲ್ಲ ಎಂಬುದು ಅವನ ವಾದ. ಕೆಳಗಿನ ಕೋರ್ಟು ಪಾಲಿಲ್ಲ ಎಂದಿತು, ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2018ರ ಫೆಬ್ರವರಿ 1ರಂದು ಸುಪ್ರೀಂ ಕೋರ್ಟು ಇಬ್ಬರು ಹೆಣ್ಣುಮಕ್ಕಳಿಗೂ ತಲಾ ಐದರಲ್ಲೊಂದು ಪಾಲು ಕೊಟ್ಟಿತು. ಒಂದೇ ಕೋರ್ಟಿನ ಎರಡು ತೀರ್ಪು, ಒಂದಕ್ಕೊಂದು ಎದುರು. ಈ ಗೋಜಲನ್ನು ಬಿಡಿಸಿದ್ದು ದೆಹಲಿಯ ವಿನೀತಾ ಶರ್ಮಾ ಪ್ರಕರಣ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ತಂದೆ ಬದುಕಿದ್ದನೋ ಇಲ್ಲವೋ ಎಂಬ ಪ್ರಶ್ನೆಯನ್ನೇ ಬದಿಗೆ ಸರಿಸಿತು. ಹಕ್ಕು ಬರುವುದು ಹುಟ್ಟಿನಿಂದ, ತಂದೆಯ ಸಾವಿನ ತಾರೀಕಿನಿಂದಲ್ಲ. ಬಾಯಿಮಾತಿನ ಪಾಲು ಮೊದಲೇ ಆಗಿಹೋಗಿತ್ತು ಎಂಬ ಸಬೂಬನ್ನೂ ಸುಲಭಕ್ಕೆ ಒಪ್ಪಬಾರದು ಎಂದಿತು. ಆ ಎರಡನೇ ಮಾತಿನ ಬೆಲೆ ಪತ್ರ ಬರೆಯುವವರಿಗೆ ಗೊತ್ತು. ಹೆಣ್ಣುಮಕ್ಕಳು ಪಾಲು ಕೇಳಿದ ಮರುದಿನವೇ ಇಪ್ಪತ್ತು ವರ್ಷ ಹಿಂದಿನ ಬಾಯಿಪಾಲು ಎಲ್ಲರಿಗೂ ನೆನಪಾಗುತ್ತದೆ.

ಹಿಂದೂಗಳ ಕಾಯಿದೆಗೆ ಹೊರಗಿನ ಒಂದು ಹೆಸರನ್ನೂ ಇಲ್ಲಿ ಸೇರಿಸಲೇಬೇಕು, ಕೊಟ್ಟಾಯಂನ ಮೇರಿ ರಾಯ್. ತಿರುವಾಂಕೂರಿನ 1916ರ ಕಾಯಿದೆಯ ಪ್ರಕಾರ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಕಡಿಮೆಯೋ ಅದು! 1986ರಲ್ಲಿ ಆಕೆ ಗೆದ್ದು ಕೇರಳದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆಲ್ಲ ಸಮಪಾಲಿನ ದಾರಿ ಮಾಡಿದರು. ಮುಸ್ಲಿಂ ಕಾನೂನಿನಲ್ಲಿ ಮಗಳಿಗೆ ಇವತ್ತಿಗೂ ಮಗನ ಪಾಲಿನ ಅರ್ಧ.

ಇಷ್ಟು ಹೇಳಿದ ಮೇಲೆ ನನ್ನ ಮೇಜಿಗೆ ವಾಪಸ್ಸು ಬರುತ್ತೇನೆ. ಪುಸ್ತಕದಲ್ಲಿ 30 ಗುಂಟೆ ಇದೆ, ಅವಳ ಪಹಣಿಯಲ್ಲಿ ಇಲ್ಲ. ನಡುವೆ ಏನಾಗುತ್ತದೆ?

ಬಾಡಿಗೆ ಕಾರು ಬಂದು ನಿಲ್ಲುತ್ತದೆ. ಅಣ್ಣತಮ್ಮಂದಿರು, ಹಿಂದಿನ ಸೀಟಿನಲ್ಲಿ ಹೊಸ ಸೀರೆಯ ಅಕ್ಕ, ಅವಳ ಆಧಾರ್ ಕಾರ್ಡು ತಮ್ಮನ ಜೇಬಿನಲ್ಲಿ. ರಿಜಿಸ್ಟ್ರಿ ಆದ ಮೇಲೆ ಹೋಟೆಲಿನಲ್ಲಿ ಊಟ ಎಂದು ಮೊದಲೇ ಮಾತಾಗಿರುತ್ತದೆ. ಕುಟುಂಬದೊಳಗಿನ ಪತ್ರವಾದ್ದರಿಂದ ಮುದ್ರಾಂಕ ಶುಲ್ಕವೂ ಅಲ್ಪ. ಒಳಗೆ ಸಾಹೇಬರು ಒಪ್ಪಿಗೆ ಇದೆಯೇನಮ್ಮ ಎಂದು ಕೇಳುತ್ತಾರೆ, ಅವಳು ಹೂಂ ಅನ್ನುತ್ತಾಳೆ. ಫೋಟೊ, ಹೆಬ್ಬೆಟ್ಟು, ರುಜು. ತಾಲ್ಲೂಕು ಕಚೇರಿಗೆ ಮಾಹಿತಿ ಹೋಗಿ ಮ್ಯುಟೇಷನ್ ಆದರೆ ಮುಗಿಯಿತು. ಪ್ರತಿಫಲ ಇಷ್ಟು ಸಾವಿರ ನಗದಾಗಿ ಮುಟ್ಟಿದೆ ಎಂದು ಪತ್ರದಲ್ಲಿ ಬರೆದಿರುತ್ತದೆ. ಮುಟ್ಟಿರುತ್ತದೋ ಇಲ್ಲವೋ, ಸೀರೆಯಂತೂ ಕಾಣುತ್ತದೆ.

ನನ್ನದೊಂದು ಪದ್ಧತಿ ಇದೆ. ಕರಡು ಓದಿ ಹೇಳುವಾಗ ಗಂಡಸರನ್ನು ಕಾಫಿ ಕುಡಿದು ಬನ್ನಿ ಎಂದು ಕಳಿಸುತ್ತೇನೆ. ಕೆಲವರು ಹೋಗುತ್ತಾರೆ, ಕೆಲವರು ಪಕ್ಕದ ಅಂಗಡಿಯಲ್ಲಿ ಬರೆಸುತ್ತೇವೆ ಎಂದು ಎದ್ದುಬಿಡುತ್ತಾರೆ. ಅರಸೀಕೆರೆ ಕಡೆಗೆ ಕೊಟ್ಟಿದ್ದ ಒಬ್ಬ ಅಕ್ಕನಿಗೆ ಹೀಗೇ ಓದಿ ಹೇಳಿದೆ.

“ಇದರಲ್ಲಿ ಏನು ಬರೆದಿದೆ ಗೊತ್ತಾ ಅಕ್ಕ?”

“ಗೊತ್ತು ಕಣಮ್ಮ. ತೋಟದಲ್ಲಿ ನಂದೇನೂ ಇಲ್ಲ ಅಂತ.”

“ನಿಮ್ಮ ಪಾಲಿಗೆ 30 ಗುಂಟೆ ಬರುತ್ತೆ. ರಸ್ತೆ ಬದಿಯ ತೋಟ.”

“ಬರುತ್ತೆ. ಆ 30 ಗುಂಟೆ ಇಟ್ಕೊಂಡು ಗೌರಿಹಬ್ಬಕ್ಕೆ ಯಾರ ಮನೆಗೆ ಹೋಗ್ಲಿ ಹೇಳು?”

ರುಜು ಹಾಕಿದಳು. ಓದಿಕೊಂಡ ಹೆಂಗಸು, ನೀಟಾದ ಕನ್ನಡದ ರುಜು.

ಹೆಣ್ಣುಮಕ್ಕಳಿಗೆ ತಿಳಿವಳಿಕೆ ಇಲ್ಲ, ಜಾಗೃತಿ ಮೂಡಿಸಬೇಕು ಎಂದು ಭಾಷಣ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಅವಳಿಗೆ ತಿಳಿವಳಿಕೆ ಇದೆ. ಗಂಡ ಬಿಟ್ಟರೆ, ಕುಡಿದು ಬಡಿದರೆ, ನಡುರಾತ್ರಿ ಹೋಗಿ ಬಾಗಿಲು ತಟ್ಟಲು ಒಂದು ತವರು ಬೇಕು. ಆ ಬಾಗಿಲಿನ ಬೀಗದ ಕೈ ತಮ್ಮನ ಹೆಂಡತಿಯ ಸೊಂಟದಲ್ಲಿದೆ. 30 ಗುಂಟೆಯನ್ನು ಅವಳು ವಿಮೆಯ ಕಂತಿನ ಹಾಗೆ ಕಟ್ಟುತ್ತಿದ್ದಾಳೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ದಕ್ಷಿಣ ಏಷ್ಯಾದ ಹೆಂಗಸರು ಮತ್ತು ಜಮೀನಿನ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಈ ಲೆಕ್ಕಾಚಾರವನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಆ ಪುಸ್ತಕ ಬಂದದ್ದೂ 1994ರಲ್ಲೇ.

ಅಣ್ಣತಮ್ಮಂದಿರ ಮಾತನ್ನೂ ಕೇಳದೆ ಇರಲಾಗುವುದಿಲ್ಲ. ಅಪ್ಪ ಅಮ್ಮನನ್ನು ಕೊನೆಗಾಲದಲ್ಲಿ ನೋಡಿಕೊಂಡವರು ನಾವು, ಬೋರ್‌ವೆಲ್ ಸಾಲ ತೀರಿಸಿದವರು ನಾವು, ಅವಳ ಮದುವೆಗೆ ಸಾಲ ಮಾಡಿದ್ದೇವೆ ಅನ್ನುತ್ತಾರೆ. ಅನೇಕ ಸಲ ಅದು ನಿಜವೂ ಹೌದು. ಆದರೆ ಮದುವೆಯ ಖರ್ಚಿಗೆ ಪಾಲು ವಜಾ ಆಗುತ್ತದೆ ಎಂದು ಯಾವ ಕಲಮಿನಲ್ಲೂ ಇಲ್ಲ. ಮದುವೆ ಮಗನಿಗೂ ಆಗಿರುತ್ತದೆ. ಇನ್ನೊಂದು ವಾದವಿದೆ, ತುಂಡು ತುಂಡಾದರೆ ಬೇಸಾಯ ಮಾಡುವುದು ಹೇಗೆ ಅಂತ. ನಾಲ್ವರು ಗಂಡುಮಕ್ಕಳಿರುವ ಮನೆಯ ವಿಭಾಗಪತ್ರವನ್ನು ಎಷ್ಟೋ ಬರೆದಿದ್ದೇನೆ. ಅಲ್ಲಿ ಯಾರೂ ಜಮೀನು ತುಂಡಾಗುತ್ತದೆ ಅಂತ ಅಳಲಿಲ್ಲ.

ಕಾನೂನು ಬದಲಾದರೆ ಏನೂ ಆಗುವುದಿಲ್ಲ ಎಂದು ಮೂಗು ಮುರಿಯುವವರಿಗೂ ಒಂದು ಉತ್ತರವಿದೆ. ಕರ್ನಾಟಕ, ಮಹಾರಾಷ್ಟ್ರಗಳ 1994ರ ತಿದ್ದುಪಡಿಯ ಫಲವನ್ನು ವಿಶ್ವಬ್ಯಾಂಕಿನ ಕ್ಲಾಸ್ ಡೈನಿಂಗರ್ ಮತ್ತು ಸಂಗಡಿಗರು ಅಳೆದು ನೋಡಿದರು. ಹೆಣ್ಣುಮಕ್ಕಳಿಗೆ ಜಮೀನು ಸಿಗುವುದು ಹೆಚ್ಚಿತ್ತು, ಮದುವೆಯ ವಯಸ್ಸು ಮುಂದೆ ಹೋಗಿತ್ತು, ಹುಡುಗಿಯರು ಹೆಚ್ಚು ಕಾಲ ಶಾಲೆಯಲ್ಲಿ ಉಳಿದಿದ್ದರು. ಸಮ ಮಾತ್ರ ಆಗಿರಲಿಲ್ಲ. ಕಹಿಯೂ ಇದೆ. ಸೋನಿಯಾ ಭಲೋತ್ರಾ ಮತ್ತು ಜೊತೆಯವರ ಅಧ್ಯಯನದ ಪ್ರಕಾರ, ಮೊದಲು ತಿದ್ದುಪಡಿ ತಂದ ರಾಜ್ಯಗಳಲ್ಲೇ ಹೆಣ್ಣುಭ್ರೂಣ ತೆಗೆಸುವುದು ಹೆಚ್ಚಿತು. ಮಗಳಿಗೆ ಪಾಲು ಕೊಡುವುದಕ್ಕಿಂತ ಮಗಳೇ ಬೇಡ ಎಂದವರೂ ಇದ್ದರು. ದೇಶದ ಜಮೀನಿನ ಹಿಡುವಳಿದಾರರಲ್ಲಿ ಹೆಂಗಸರು ಸುಮಾರು ಶೇ 14, ಇದು 2015-16ರ ಕೃಷಿ ಗಣತಿಯ ಲೆಕ್ಕ. ಹೊಲದಲ್ಲಿ ಬಗ್ಗಿ ಕಳೆ ಕೀಳುವವರಲ್ಲಿ ಅವರೆಷ್ಟು ಎಂದು ಬಸ್ಸಿನ ಕಿಟಕಿಯಿಂದಲೇ ಎಣಿಸಿಕೊಳ್ಳಬಹುದು.

ಓದುವ ಅಕ್ಕತಂಗಿಯರಿಗೆ ಕೆಲವು ಮಾತು, ಕಸುಬಿನವಳಾಗಿ ಹೇಳುತ್ತೇನೆ. ಅಪ್ಪ ಸತ್ತ ಮೇಲೆ ಪೌತಿ ಖಾತೆ ಅಣ್ಣನ ಹೆಸರಿಗೆ ಆಗಿದೆ, ಪಹಣಿಯಲ್ಲಿ ನನ್ನ ಹೆಸರಿಲ್ಲ, ಇನ್ನು ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಮುಗಿದಿಲ್ಲ. ಖಾತೆ ಕಂದಾಯದ ಲೆಕ್ಕಕ್ಕೆ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರೇ ಮಾಯವಾಗಿರುತ್ತದೆ. ಆ ಒಂದು ಹಾಳೆಯನ್ನು ನೀವೇ ನೋಡಿ. ಬಿಡುಗಡೆ ಪತ್ರ ಬರೆದುಕೊಡಲೇಬೇಕು ಅನ್ನಿಸಿದರೆ ಷೆಡ್ಯೂಲಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಓದಿಸಿಕೊಳ್ಳಿ. ಕೊನೆಯಲ್ಲಿ ಕುಟುಂಬದ ಇತರ ಸಮಸ್ತ ಸ್ಥಿರಾಸ್ತಿ ಎಂಬ ಸಾಲು ನುಸುಳಿದ್ದರೆ ಹೊಡೆದುಹಾಕಿಸಿ. ಆ ಒಂದು ಸಾಲಿನಲ್ಲಿ ಊರ ಮನೆಯೂ, ಪೇಟೆಯ ಸೈಟೂ ಹೋಗಿರುತ್ತವೆ. ರಿಜಿಸ್ಟರಾದ ಪತ್ರವನ್ನು ಆಮೇಲೆ ರದ್ದು ಮಾಡಿಸಬೇಕಾದರೆ ಮೋಸವೋ ಒತ್ತಾಯವೋ ಆಗಿದೆ ಎಂದು ನೀವೇ ಕೋರ್ಟಿನಲ್ಲಿ ತೋರಿಸಬೇಕು. ಅದು ಗೊತ್ತಾದ ದಿನದಿಂದ ಮೂರು ವರ್ಷ ಗಡುವು. ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯ ಮಾತು ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು, ಅವರು ಬದುಕಿರುವಾಗ ಮಗನೂ ಕೇಳುವಂತಿಲ್ಲ, ಮಗಳೂ ಕೇಳುವಂತಿಲ್ಲ. ಬರೆಯದೆ ತೀರಿಕೊಂಡರೆ ಅಮ್ಮನಿಗೂ ಎಲ್ಲ ಮಕ್ಕಳಿಗೂ ಸಮಪಾಲು.

ಎಲ್ಲವೂ ದಾವೆಯಲ್ಲೇ ಮುಗಿಯಬೇಕೆಂದೂ ಇಲ್ಲ. ಒಬ್ಬಳು ಹತ್ತು ತೆಂಗಿನ ಮರದ ಫಸಲನ್ನು ಬದುಕಿರುವ ತನಕ ಕೇಳಿದಳು, ತಮ್ಮ ಒಪ್ಪಿದ, ಪತ್ರದಲ್ಲಿ ಮರಗಳನ್ನು ಗುರುತು ಮಾಡಿ ಬರೆದೆ. ಮೂವರು ಸೋದರಿಯರು ತಲಾ 5 ಗುಂಟೆ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಣ್ಣನಿಗೆ ಬಿಟ್ಟರು. ಅವರಿಗೆ ಬೇಕಾಗಿದ್ದದ್ದು ಪಹಣಿಯಲ್ಲಿ ಹೆಸರು.

ಕಾಯಿದೆಯಲ್ಲಿ ಇನ್ನೂ ಸರಿಯಾಗದ ಒಂದು ಜಾಗ 15ನೇ ಕಲಮು. ಹಿಂದೂ ಹೆಂಗಸು ಉಯಿಲು ಬರೆಯದೆ ತೀರಿಕೊಂಡು, ಗಂಡನೂ ಮಕ್ಕಳೂ ಇಲ್ಲದಿದ್ದರೆ, ಅವಳ ಸ್ವಂತ ದುಡಿಮೆಯ ಆಸ್ತಿ ಮೊದಲು ಹೋಗುವುದು ಗಂಡನ ಕಡೆಯವರಿಗೆ, ಹೆತ್ತವರಿಗಲ್ಲ. ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾಗಿ, ಅತ್ತೆಮನೆಯವರು ಹೊರಗಟ್ಟಿದ ಮೇಲೆ ತವರಿನಲ್ಲಿ ಓದಿ ಕೆಲಸ ಹಿಡಿದ ಒಬ್ಬ ಹೆಂಗಸಿನ ಉಳಿತಾಯವೆಲ್ಲ, ಅವಳು ಸತ್ತ ಮೇಲೆ, ಆ ಅತ್ತೆಮನೆಯವರಿಗೇ ಸೇರಿತು. 2009ರಲ್ಲಿ ಸುಪ್ರೀಂ ಕೋರ್ಟು, ಕನಿಕರ ಬೇರೆ ಕಾನೂನು ಬೇರೆ ಎಂಬ ಧಾಟಿಯಲ್ಲೇ ಹಾಗೆ ತೀರ್ಪು ಕೊಟ್ಟಿತು. ಅದಕ್ಕೇ ಬಂದ ಹೆಂಗಸರಿಗೆಲ್ಲ ಉಯಿಲು ಬರೆಸಿ ಎನ್ನುತ್ತೇನೆ. ಛಾಪಾ ಕಾಗದ ಬೇಕಿಲ್ಲ, ರಿಜಿಸ್ಟರ್ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಸಾಕು.

ಹೀಗೆ ಹೇಳಿಸಿಕೊಂಡು ಒಬ್ಬ ಅಜ್ಜಿ ಬಂದಳು. ಡೇರಿಗೆ ಹಾಲು ಹಾಕಿ ಕೂಡಿಸಿದ ದುಡ್ಡಿನಲ್ಲಿ ತನ್ನ ಹೆಸರಿಗೇ ಸೈಟು ತೆಗೆದವಳು. ಯಾರಿಗೆ ಬರೆಯಲಿ ಅಂದರೆ, ಮಗನಿಗೆ, ಇನ್ಯಾರಿಗೆ ಅಂದಳು.

“ಮಗಳಿದ್ದಾಳಲ್ಲ ಅಜ್ಜಿ?”

“ಅವ್ಳಿಗೆ ಹಾಕಿದ್ರೆ ಅಳಿಯ ಮಾರ್ಕೊಂತಾನೆ ಕಣವ್ವ.”

“ಮಗ ಮಾರಲ್ವಾ?”

ಎಲೆಅಡಿಕೆ ಅಗಿಯುತ್ತಾ ಸುಮಾರು ಹೊತ್ತು ಯೋಚನೆ ಮಾಡಿದಳು. “ಅವ್ನೂ ಮಾರ್ತಾನೆ” ಅಂದಳು. ಆಮೇಲೆ, “ಹಂಗಾರೆ ಇಬ್ರಿಗೂ ಸಮ ಹಾಕು. ಮಾರೋದಾದ್ರೆ ಇಬ್ರೂ ಬಂದು ರುಜು ಹಾಕಿ ಮಾರ್ಲಿ.”